ಪಿಸುಮಾತೂ ಕೂಡದ ಆರು ವಾರ

ಹೋದ ತಿಂಗಳು ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಗೆಂದು ಹೊಸನಗರಕ್ಕೆ ಹೋಗಿದ್ದೆ. ಬಸ್ಸಿಳಿದು ರಸ್ತೆ ದಾಟುವಾಗ ಯಾವುದೋ ಅಂಗಡಿಯೊಳಗಿಂದ ಒದ್ದೆ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆದ ವಾಸನೆ ಬಂತು. ಬಿಸಿ ಹತ್ತಿ, ಸ್ವಲ್ಪ ಹೊಗೆ, ಸ್ವಲ್ಪ ಮುಗ್ಗಲು. ನಮ್ಮ ಕಡೆ ಅದು ಮಳೆಗಾಲದ ವಾಸನೆ. ವಾರಗಟ್ಟಲೆ ಒಣಗದ ಯೂನಿಫಾರ್ಮುಗಳನ್ನು ಇಸ್ತ್ರಿ ಹಾಕಿಯೇ ಒಣಗಿಸುವ ಕಾಲದ್ದು. ಬಿರುಬಿಸಿಲಿನಲ್ಲಿ ಅದು ಮೂಗಿಗೆ ಬಡಿದದ್ದೇ ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು. ಜೊತೆಗಿದ್ದ ಮೇಷ್ಟ್ರು ನೀರು ಬೇಕಾ ಎಂದು ಕೇಳಿದರು. ಬೇಡವೆಂದು ತಲೆಯಾಡಿಸಿದೆ. ಮಾತಾಡಬಹುದಿತ್ತು, ಆದರೂ ತಲೆಯನ್ನೇ ಆಡಿಸಿದೆ.

ಅದು ನಾಲ್ಕು ವರ್ಷದ ಹಿಂದಿನ ಮಳೆಗಾಲ. ನಾನು ಆಗಲೂ ಈಗಿನ ಹಾಗೆ ಸಾಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಜನ ನನ್ನನ್ನು ಗುರುತಿಸುತ್ತಿದ್ದುದು ಪಾಠದಿಂದಲ್ಲ, ಪ್ರವಚನದಿಂದ. ಒಂದು ನವರಾತ್ರಿಯಲ್ಲಿ ಭಜನಾ ಮಂಡಳಿಗೆ ಬರಬೇಕಾದವರು ಬರಲಿಲ್ಲವೆಂದು ನಾನು ಎದ್ದು ನಿಂತು ಅರ್ಧ ಗಂಟೆ ಮಾತಾಡಿದ್ದೆ. ಅಲ್ಲಿಂದ ಹನ್ನೊಂದು ವರ್ಷ ಕೂರಲೇ ಇಲ್ಲ. ಗೃಹಪ್ರವೇಶ, ಶ್ರಾವಣದ ಶನಿವಾರ, ಮಹಿಳಾ ಮಂಡಳಿಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆ. ನನ್ನ ವಿಷಯ ಒಂದೇ. ಹೊರಗಿನ ಗದ್ದಲ ಬಿಡಿ, ಒಳಗೆ ಕಿವಿಗೊಡಿ, ನಾನು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಉತ್ತರ ಅಲ್ಲೇ ಇದೆ. ಇದನ್ನೇ ನೂರು ರೀತಿಯಲ್ಲಿ ಹೇಳಬಲ್ಲವಳಾಗಿದ್ದೆ. ದಿನಾ ಬೆಳಿಗ್ಗೆ ಆರಕ್ಕೆ ವಾಟ್ಸಾಪ್ ಗುಂಪುಗಳಿಗೆ ಮೂರು ನಿಮಿಷದ ಧ್ವನಿಸಂದೇಶ ಬೇರೆ. ಅದಕ್ಕೆ ‘ಬೆಳಗಿನ ಮಾತು’ ಎಂದು ಹೆಸರಿಟ್ಟಿದ್ದೆ.

ಆ ವರ್ಷದ ವೈಶಾಖದಲ್ಲಿ ಗಂಟಲು ಒಡೆಯಿತು. ಮೊದಲು ಎತ್ತರದ ದನಿ ಹೋಯಿತು, ಆಮೇಲೆ ವಾಕ್ಯದ ಕೊನೆಗಳು ಹೋದವು. ಜೇನು, ಶುಂಠಿ, ಜ್ಯೇಷ್ಠಮಧು ಎಲ್ಲ ಮಾಡಿದೆ. ಶಾಲೆ ಶುರುವಾಗಿ ಎರಡು ವಾರಕ್ಕೆ, ಒಂಬತ್ತನೇ ತರಗತಿಯಲ್ಲಿ ಪದ್ಯ ಓದುತ್ತಿದ್ದಾಗ, ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಶಿವಮೊಗ್ಗದ ಗಂಟಲು ವೈದ್ಯರು ಮೂಗಿನೊಳಗಿಂದ ಒಂದು ಕೊಳವೆ ಇಳಿಸಿ ನೋಡಿದರು. ಧ್ವನಿತಂತುಗಳ ಮೇಲೆ ಎರಡು ಸಣ್ಣ ಗಂಟು. ಆರು ವಾರ ಒಂದು ಅಕ್ಷರ ಆಡಬಾರದು, ಕರಗದಿದ್ದರೆ ಆಪರೇಷನ್ನು ಎಂದರು. ಪಿಸುಮಾತಿನಲ್ಲಾದರೂ ಆಡಬಹುದೇ ಎಂದು ನನ್ನ ಗಂಡ ಶ್ರೀಪಾದ ನನ್ನ ಪರವಾಗಿ ಕೇಳಿದರು. ಪಿಸುಮಾತು ಅದಕ್ಕಿಂತಲೂ ಕೆಟ್ಟದ್ದು, ಅದೂ ಕೂಡದು ಎಂದರು ವೈದ್ಯರು.

ಜನ ಎಣಿಸಬಹುದು, ಮೌನದ ಬಗ್ಗೆ ಅಷ್ಟು ವರ್ಷ ಹೇಳಿದವಳಿಗೆ ಮೌನ ಹಬ್ಬವಾಗಿರಬೇಕೆಂದು. ಮೊದಲ ವಾರವೇ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಶಾಲೆಗೆ ವೈದ್ಯಕೀಯ ರಜೆ ಹಾಕಿದ್ದೆ. ಶ್ರೀಪಾದ ತಮ್ಮ ಮೋಟಾರು ರಿಪೇರಿ ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಡಿಗೆಮನೆಯಿಂದ ಜಗಲಿಗೆ, ಜಗಲಿಯಿಂದ ಮಹಡಿಗೆ, ಮತ್ತೆ ಅಡಿಗೆಮನೆಗೆ. ಪುಸ್ತಕ ಹಿಡಿದರೆ ಎರಡು ಪುಟಕ್ಕೆ ಅದರಲ್ಲಿ ಯಾವ ಸಾಲನ್ನು ಯಾವ ಸಭೆಯಲ್ಲಿ ಹೇಳಬಹುದು ಎಂದು ಲೆಕ್ಕ ಶುರು. ಅಂಗಡಿಗೆ ಚೀಟಿ ಹಿಡಿದು ಹೋದರೆ ಅಂಗಡಿಯವರು ನನಗೆ ಕಿವಿ ಕೇಳಿಸುವುದಿಲ್ಲವೆಂದುಕೊಂಡು ಕೂಗಿ ಕೈಸನ್ನೆ ಮಾಡುತ್ತಿದ್ದರು. ತಮಾಷೆಯೇ, ಆದರೆ ನನಗೆ ನಗು ಬರುತ್ತಿರಲಿಲ್ಲ.

ಸರಿ, ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದನ್ನು ಈಗ ನಾನೇ ಮಾಡೋಣ ಎಂದು ಮಹಡಿಯ ಮೇಲೆ ಚಾಪೆ ಹಾಸಿ ಕೂತೆ. ಕಣ್ಣು ಮುಚ್ಚಿದೆ. ನಾನು ಯಾರು ಎಂದು ಕೇಳಿಕೊಂಡೆ. ಉತ್ತರ ಕೂಡಲೇ ಬಂತು. ಅಚ್ಚುಕಟ್ಟಾದ ಉತ್ತರ, ಎರಡು ಉಪಮೆ ಸಮೇತ. ಅದು ಮೈಕಿನ ಮುಂದೆ ನನಗಿರುವ ದನಿಯಲ್ಲೇ ಬಂತು. ವಾಕ್ಯ ಮುಗಿದಲ್ಲಿ, ಸಭೆ ‘ಹೌದು’ ಎಂದು ತಲೆದೂಗಲಿ ಎಂದು ನಾನು ಬಿಡುತ್ತಿದ್ದ ಜಾಗವೂ ಹಾಗೆಯೇ ಇತ್ತು. ಹತ್ತು ದಿನ ಹೀಗೇ ಆಯಿತು. ನಾನು ಒಳಗೆ ಹೋದಲ್ಲೆಲ್ಲ ನನಗಿಂತ ಮುಂಚೆ ಪ್ರವಚನದ ವಸುಧಾ ಟೀಚರು ಹೋಗಿ ಕೂತಿರುತ್ತಿದ್ದಳು. ಅವಳು ಬಾಯಿ ಮುಚ್ಚಿದ ಒಂದೆರಡು ಕ್ಷಣದಲ್ಲಿ ಎದೆಯ ಕೆಳಗೆ ಏನೋ ಕಳವಳ, ಎಲ್ಲೋ ಒಲೆ ಆರಿಸದೆ ಬಂದಂಥದ್ದು. ಅದನ್ನು ನೋಡುವ ಮೊದಲೇ ಮತ್ತೊಂದು ಒಳ್ಳೆಯ ವಾಕ್ಯ ಬಂದು ಮುಚ್ಚಿಬಿಡುತ್ತಿತ್ತು.

ಮನೆಯಲ್ಲಿ ಕೂರಲಾರದೆ ಬಸ್ಸು ಹತ್ತಲು ಶುರುಮಾಡಿದೆ. ಹೀಗೆ ಒಂದು ದಿನ ಇಕ್ಕೇರಿಗೆ ಹೋದೆ. ದೇವಸ್ಥಾನದ ಕಲ್ಲಿನ ತಂಪಿನಲ್ಲಿ ಕಂಬಕ್ಕೊರಗಿ ಕೂತಿದ್ದೆ. ನಾಲ್ಕೈದು ಹೆಂಗಸರು ಗುರುತು ಹಿಡಿದು ಬಂದರು. ‘ಬೆಳಗಿನ ಮಾತು’ ಯಾಕೆ ನಿಂತಿತು ಎಂದು ಕೇಳಿದರು. ನಾನು ತುಟಿಯ ಮೇಲೆ ಬೆರಳಿಟ್ಟು ಕೈಮುಗಿದೆ. ಅವರಲ್ಲೊಬ್ಬಾಕೆ ಮಿಕ್ಕವರಿಗೆ ‘ಮೌನವ್ರತ’ ಎಂದಳು. ಒಬ್ಬೊಬ್ಬರಾಗಿ ಬಗ್ಗಿ ನನ್ನ ಕಾಲು ಮುಟ್ಟಿದರು. ನನ್ನ ಚೀಲದಲ್ಲಿ ಪುಸ್ತಕವಿತ್ತು, ಪೆನ್ನಿತ್ತು. ವೈದ್ಯರು ಹೇಳಿದ್ದು, ವ್ರತವಲ್ಲ ಎಂದು ಬರೆಯಲು ಎರಡು ಸಾಲು ಸಾಕಿತ್ತು. ಬರೆಯಲಿಲ್ಲ. ಕಣ್ಣು ಅರೆಮುಚ್ಚಿ ಕೂತೆ. ಒಂದು ಫೋಟೋವನ್ನೂ ತೆಗೆದುಕೊಂಡರು. ಸಂಜೆಯೊಳಗೆ ಅದು ಎಲ್ಲ ಗುಂಪುಗಳಲ್ಲಿ ಓಡಾಡಿತು. ಜನ ಕೈಮುಗಿದ ಚಿತ್ರಗಳನ್ನು ಹಾಕಿದ್ದರು. ನಾನು ಒಂದೊಂದನ್ನೂ ನೋಡಿದೆ, ಎರಡೆರಡು ಸಲ ನೋಡಿದೆ. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡೆ.

ಪುಷ್ಯ ಮಳೆ ಹಿಡಿದಿತ್ತು. ರವಿಕೆ ಬಟ್ಟೆಯೊಂದು ಹೊಸನಗರದ ಸುಶೀಲಕ್ಕನ ಹತ್ತಿರ ಉಳಿದಿತ್ತು. ಅದೇ ನೆಪ ಮಾಡಿ ಅಲ್ಲಿಗೆ ಹೋದೆ. ಸುಶೀಲಕ್ಕ ಬಸ್ ನಿಲ್ದಾಣದ ಹತ್ತಿರ ಹೊಲಿಗೆ, ಇಸ್ತ್ರಿ ಎರಡೂ ಮಾಡುತ್ತಿದ್ದರು. ಐವತ್ತೈದರ ಆಸುಪಾಸು. ಅವರ ಗಂಡ ಹದಿನಾರು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ಲಾರಿ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ಹೊಸನಗರದಲ್ಲಿ ನನ್ನ ಪ್ರವಚನ ಇದ್ದಾಗಲೆಲ್ಲ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ತೊಡೆಯ ಮೇಲೆ ಕಾಜಾ ಹಾಕುವ ಕೆಲಸ ಇಟ್ಟುಕೊಂಡು.

ಒಳಗೆಲ್ಲ ಹಬೆ ತುಂಬಿತ್ತು. ಶಾಲೆಮಕ್ಕಳ ಅಂಗಿಗಳನ್ನು ತಿಕ್ಕುತ್ತಿದ್ದರು. ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟರು. ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟರು.

“ನೀವು ವ್ರತದಲ್ಲಿದೀರಂತೆ,” ಎಂದರು. “ಒಳ್ಳೇದಾಯ್ತು ಬಿಡಿ ಟೀಚರೇ. ಎದ್ರುಗಡೆ ಯಾರಾದ್ರೂ ಮಾತಾಡಿದ್ರೆ ನಂಗೆ ಹೇಳಕ್ಕಾಗಲ್ಲ.”

ಆಮೇಲೆ ಹೇಳಿದರು. ಗಂಡನಿಗೆ ಶ್ವಾಸಕೋಶ ಕೆಟ್ಟಿತ್ತು. ಬೇಸಿಗೆಯಲ್ಲಿ ಎರಡು ಸಲ ಹೇಳಿ ಕಳಿಸಿದ್ದರಂತೆ, ಒಂದು ಸಲ ಬಂದುಹೋಗು ಎಂದು. ಎರಡನೇ ಸಲ ಹೇಳಿ ಕಳಿಸಿದ್ದು ವೈಶಾಖದಲ್ಲಿ ನನ್ನ ಪ್ರವಚನ ಇದ್ದ ದಿನ. ಅದು ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಹೋಗಲಾ ಬೇಡವಾ ಎಂದು ಕೇಳಿದ್ದರು. ಈಗ ಹನ್ನೆರಡು ದಿನದ ಹಿಂದೆ ಗಂಡ ತೀರಿಕೊಂಡಿದ್ದಾರೆ.

“ನೀವು ಹೇಳ್ದಂಗೇ ಬಿಟ್ಟೆ,” ಎಂದರು. “ಹೋಗ್ಲಿಲ್ಲ.”

ಅವರ ಮುಖದಲ್ಲಿ ದೂರು ಇರಲಿಲ್ಲ. ಇಸ್ತ್ರಿಪೆಟ್ಟಿಗೆಯ ಬೂದಿ ಊದಿ ಮತ್ತೆ ಅಂಗಿ ಎಳೆದುಕೊಂಡರು. ನಾನು ಪೆನ್ನು ತೆಗೆದೆ. ಏನು ಬರೆಯಬೇಕೋ ತಿಳಿಯಲಿಲ್ಲ, ಯಾಕೆಂದರೆ ಏನು ಹೇಳಿದ್ದೆನೆಂದೇ ನನಗೆ ನೆನಪಿರಲಿಲ್ಲ. ರವಿಕೆಯ ಪೊಟ್ಟಣ ಹಿಡಿದುಕೊಂಡು ಮಳೆಯಲ್ಲಿ ಬಸ್ಸಿಗೆ ಓಡಿದೆ. ಸಾಗರದವರೆಗೂ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ನೆನಪು ಮಾಡಿಕೊಂಡೆ. ಆ ದಿನದ ಮೈಕು ಚೆನ್ನಾಗಿತ್ತು, ಮುಂದಿನ ಸಾಲಿನಲ್ಲಿ ಯಾರ್ಯಾರಿದ್ದರು, ಎಲ್ಲ ನೆನಪಿತ್ತು. ಸುಶೀಲಕ್ಕ ಕೇಳಿದ್ದು ಮಾತ್ರ ಇರಲಿಲ್ಲ.

ಮಾರನೇ ಮಧ್ಯಾಹ್ನ ಹೊಳೆಯಿತು. ಆ ಪ್ರವಚನವನ್ನು ಮಂಡಳಿಯವರು ಫೋನಿನಲ್ಲಿ ವಿಡಿಯೋ ಮಾಡಿ ನನಗೆ ಕಳಿಸಿದ್ದರು. ತೆಗೆದು ಕೊನೆಗೆ ಓಡಿಸಿದೆ. ಮಂಗಳಾರತಿಯ ನಂತರ ಫೋನು ಆರಿಸಲು ಯಾರೋ ಮರೆತಿದ್ದಾರೆ. ಜನ ಏಳುತ್ತಿದ್ದಾರೆ. ಸುಶೀಲಕ್ಕ ಬರುತ್ತಾರೆ. ಅವರ ಮಾತು ಮೊದಮೊದಲು ಸರಿಯಾಗಿ ಕೇಳುವುದಿಲ್ಲ, ಆದರೆ ನಾನು ಕಾಣುತ್ತೇನೆ. ಚೀಲ ಹೆಗಲಿಗೆ ಹಾಕಿಕೊಂಡಿದ್ದೇನೆ. ಕಣ್ಣು ಅವರ ಹೆಗಲಾಚೆ ಬಸ್ಸಿನ ಕಡೆಗಿದೆ. ಅವರು ಇನ್ನೂ ಮಾತಾಡುತ್ತಿದ್ದಾರೆ, ಅಷ್ಟರಲ್ಲಿ ನನ್ನ ತಲೆ ಆಡಲು ಶುರುವಾಗಿದೆ. “ಒಳಗಿನ ದನಿ ಕೇಳಿ, ಸುಶೀಲಕ್ಕ,” ಎನ್ನುತ್ತೇನೆ. ಅವರು ತಮ್ಮ ಎದೆ ಮುಟ್ಟಿಕೊಂಡು, ಒಳಗಿಂದ ಎಂಥದ್ದೂ ಕೇಳಲ್ಲ ಟೀಚರೇ ಎನ್ನುತ್ತಾರೆ. ಅದಕ್ಕೆ ನಾನು ನಗುತ್ತೇನೆ. ನಕ್ಕು, ಒಂದು ವಾಕ್ಯ ಹೇಳುತ್ತೇನೆ: “ತಾನಾಗಿ ಕಳಚಿಕೊಂಡದ್ದನ್ನ ಮತ್ತೆ ಕಟ್ಟಿಕೊಳ್ಳೋಕೆ ಹೋಗಬಾರದು, ಅದೇ ಬಿಡುಗಡೆ.” ಬೆನ್ನು ತಟ್ಟಿ ಹೊರಟುಬಿಡುತ್ತೇನೆ. ಇಷ್ಟಕ್ಕೂ ಒಂದು ನಿಮಿಷ ಹಿಡಿದಿಲ್ಲ.

ಎಷ್ಟು ಸಲ ನೋಡಿದೆನೋ. ಆ ದಿನ ಕಣ್ಣು ಮುಚ್ಚಿ ಕೂತಾಗ ನಾನು ಯಾರು ಎಂದು ಕೇಳಲಿಲ್ಲ. ಅಷ್ಟು ದೊಡ್ಡ ಪ್ರಶ್ನೆ ಕೇಳುವ ಮುಖ ನನಗಿರಲಿಲ್ಲ. ಈ ವಾಕ್ಯ ಎಲ್ಲಿಂದ ಬಂತು ಎಂದಷ್ಟೇ ಕೇಳಿದೆ. ಅದು ಯಾವ ಗ್ರಂಥದ್ದೂ ಅಲ್ಲ, ಅದು ನನ್ನದೇ. ಮೊದಲು ಯಾವಾಗ ಹೇಳಿದೆ? ಉತ್ತರ ಬಂದಿತು, ಈ ಸಲ ಯಾವ ಉಪಮೆಯೂ ಇಲ್ಲದೆ. ಆ ಮಳೆಗಾಲಕ್ಕೂ ಮೂರು ವರ್ಷ ಹಿಂದೆ ಮಂಡಗದ್ದೆಯಿಂದ ವಾಪಸು ಬರುವ ಬಸ್ಸಿನಲ್ಲಿ ಅದನ್ನು ನನಗೆ ನಾನೇ ಹೇಳಿಕೊಂಡಿದ್ದೆ.

ಮಂಡಗದ್ದೆಯಲ್ಲಿ ನನ್ನ ಅಕ್ಕ ನಿರ್ಮಲಾ ಇದ್ದಾಳೆ, ಅಂಗನವಾಡಿ ಟೀಚರು. ಅಮ್ಮ ಕೊನೆಯ ದಿನಗಳಲ್ಲಿ ಅವಳ ಮನೆಯಲ್ಲಿದ್ದಳು. ಅದು ಶ್ರಾವಣ, ನನಗೆ ಸಾಲಾಗಿ ಪ್ರವಚನಗಳಿದ್ದವು. ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎನ್ನುತ್ತ ನಾನು ಹೋಗುವಾಗ ಅಮ್ಮ ಇರಲಿಲ್ಲ. ಹನ್ನೆರಡನೇ ದಿನ ಬಂದ ನೆಂಟರ ಮುಂದೆ ನಾನು ಎದ್ದು ನಿಂತು ಅಮ್ಮನ ಬಗ್ಗೆ, ಆತ್ಮದ ಬಗ್ಗೆ ಮಾತಾಡಿದೆ. ಜನ ಕಣ್ಣೊರೆಸಿಕೊಂಡರು. ಅಕ್ಕ ಮಾತ್ರ ನಡುವೆ ಎದ್ದು ಒಳಗೆ ಹೋದಳು, ನಾನು ಹೊರಡುವವರೆಗೂ ಆಚೆ ಬರಲಿಲ್ಲ. ಆವತ್ತಿನಿಂದ ನಾವು ಮಾತಾಡಿರಲಿಲ್ಲ. ಅದು ಅವಳ ಅಜ್ಞಾನ ಎಂದುಕೊಂಡಿದ್ದೆ. ತಾನಾಗಿ ಕಳಚಿಕೊಂಡಿದೆ, ಬಿಡುಗಡೆ ಎಂದುಕೊಂಡಿದ್ದೆ. ನನ್ನ ಗಾಯಕ್ಕೆ ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚಿ ಸುಶೀಲಕ್ಕನಿಗೆ ತತ್ತ್ವವೆಂದು ಕೊಟ್ಟಿದ್ದೆ.

ಎರಡು ದಿನ ಹೋಗುವುದೋ ಬೇಡವೋ ಎಂದು ಒದ್ದಾಡಿದೆ. ಮಾತು ಬಂದ ಮೇಲೆ ಹೋಗೋಣ, ಆಗ ಸರಿಯಾಗಿ ವಿವರಿಸಬಹುದು ಎಂದು ಮನಸ್ಸು ಹೇಳುತ್ತಿತ್ತು. ಆ ‘ವಿವರಿಸಬಹುದು’ ಎಂಬ ಮಾತಿಗೇ ನನಗೆ ಹೇಸಿಗೆ ಬಂತು. ಮೂರನೆಯ ಬೆಳಿಗ್ಗೆ ಶ್ರೀಪಾದರಿಗೆ ಚೀಟಿ ಬರೆದಿಟ್ಟು ಹೊರಟೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮಂಡಗದ್ದೆಯಲ್ಲಿ ಇಳಿದಾಗ ಹನ್ನೊಂದೂವರೆ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವ ಕಾಲ, ಅವುಗಳ ಗಲಾಟೆಯಲ್ಲಿ ಲಾರಿಯ ಸದ್ದೂ ಮುಚ್ಚಿಹೋಗುತ್ತಿತ್ತು.

ಭಾನುವಾರವಾದ್ದರಿಂದ ಅಕ್ಕ ಮನೆಯಲ್ಲಿದ್ದಳು. ಬಾಗಿಲು ತೆಗೆದು ನನ್ನನ್ನು ನೋಡಿದಳು. ನಾನು ಗಂಟಲು ಮುಟ್ಟಿ ತೋರಿಸಿ, ಬರೆದುಕೊಂಡು ಬಂದಿದ್ದ ಹಾಳೆಯನ್ನು ಕೈಗಿತ್ತೆ. ನಾಲ್ಕು ಪುಟ ಬರೆದು ಹರಿದು ಕೊನೆಗೆ ಉಳಿಸಿಕೊಂಡದ್ದು ಒಂದೇ ಸಾಲು: ಅಮ್ಮನ ಕೊನೇ ದಿನಗಳ ಬಗ್ಗೆ ನಾನು ನಿನ್ನನ್ನು ಕೇಳಲೇ ಇಲ್ಲ, ಹೇಳು. ಅವಳು ಓದಿದಳು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮಾತಾಡಲೆ ಬತ್ತಿಲ್ಯಾ? ಒಳ್ಳೇದೇ ಆತು,” ಎಂದಳು, ನಮ್ಮ ಮನೆಮಾತಿನಲ್ಲಿ. “ಕೂತ್ಕ. ಇವತ್ತು ನಾನು ಹೇಳ್ತಿ.”

ಹಲಸಿನ ಬೀಜ ಬಿಡಿಸುತ್ತ ಹೇಳಿದಳು. ನನಗೂ ಒಂದು ತಟ್ಟೆ ಕೊಟ್ಟಳು. ಹತ್ತೊಂಬತ್ತು ದಿನಗಳ ಕತೆ. ಅಮ್ಮನಿಗೆ ಗಂಜಿ ಇಳಿಯುತ್ತಿರಲಿಲ್ಲ. ಬೆನ್ನಲ್ಲಿ ಹುಣ್ಣಾಗಿತ್ತು. ಸ್ನಾನ ಮಾಡಿಸುವಾಗ ಭಾರ ತಡೆಯಲಾರದೆ ಅಕ್ಕ ಒಂದು ಸಲ ಅವಳನ್ನು ಗದರಿಸಿದ್ದಳು. ಆ ಗದರಿಕೆ ಈಗಲೂ ತನ್ನನ್ನು ಬಿಟ್ಟಿಲ್ಲ ಎಂದಳು. ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಬಾಯೊಳಗೆ ಒಂದು ಸಮಾಧಾನದ ವಾಕ್ಯ ಎದ್ದು ನಿಂತಿತು. ಆಡುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಬಿದ್ದುಹೋಯಿತು.

ಆಮೇಲೆ ನನ್ನ ವಿಷಯಕ್ಕೆ ಬಂದಳು. ದಿನಾ ಸಂಜೆ ನಾನು ಫೋನು ಮಾಡುತ್ತಿದ್ದೆನಲ್ಲ, ಅಕ್ಕ ಅದನ್ನು ಅಮ್ಮನ ಕಿವಿಗೆ ಹಿಡಿಯುತ್ತಿದ್ದಳು. ನಾನು ಹೇಳುತ್ತಿದ್ದುದು ನನಗೆ ನೆನಪಿದೆ: ಶರೀರ ಬೇರೆ, ನೀನು ಬೇರೆ ಅಮ್ಮಾ, ನೋವಿಗೆ ಸಾಕ್ಷಿಯಾಗಿರು ಎಂದೆಲ್ಲ.

“ಅಮ್ಮ ಎಂತ ಹೇಳ್ತು ಗೊತ್ತಿದ್ದಾ?” ಎಂದಳು ಅಕ್ಕ. ಬೀಜ ಬಿಡಿಸುವ ಕೈ ನಿಂತಿತ್ತು. “ಫೋನ್ ದೂಡಿ, ‘ರೇಡಿಯೋ ಬಂದ್ ಮಾಡು ನಿರ್ಮಲಾ, ವಸು ಬಂದ್ರೆ ಎಬ್ಬಿಸು’ ಹೇಳ್ತು. ಮೂರು ವರ್ಷ ನಾನು ಇದನ್ನ ಹೊಟ್ಟೇಲಿ ಇಟ್ಕಂಡು ಕೂತಿದ್ದಿ.”

ಹಕ್ಕಿಗಳು ಕೂಗುತ್ತಲೇ ಇದ್ದವು. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಅಕ್ಕ ಅತ್ತಳು, ಅದು ನೆನಪಿದೆ. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಹೇಳಿದಳು, ಇನ್ನೊಂದು ತಾಸು. ಅಮ್ಮ ಯಾವ ಸೀರೆ ಕೇಳಿದಳು, ಯಾವ ಹಾಡಿನ ಅರ್ಧ ಮರೆತಳು, ಕೊನೆಯ ದಿನ ಅಪ್ಪನನ್ನು ಹೆಸರು ಹಿಡಿದು ಏಕವಚನದಲ್ಲಿ ಹೇಗೆ ಕರೆದಳು. ಇಬ್ಬರೂ ನಕ್ಕೆವು, ನನ್ನದು ದನಿಯಿಲ್ಲದ ನಗು.

ಆ ಮೂರು ತಾಸಿನಲ್ಲಿ ನನ್ನೊಳಗೆ ಯಾರೂ ಮಾತಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ವಾಪಸು ಬರುವ ಬಸ್ಸಿನಲ್ಲಿ. ಬೆಳಕು ಗಿಳಕು ಏನೂ ಕಂಡಿರಲಿಲ್ಲ. ಅಕ್ಕನ ದನಿ ಇತ್ತು, ಹಕ್ಕಿಗಳ ದನಿ ಇತ್ತು, ಕೇಳುವುದು ಒಂದಿತ್ತು. ಕೇಳುವವಳು ಎಂದು ಬೇರೆ ಯಾರನ್ನು ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲವೇನೋ. ಹನ್ನೊಂದು ವರ್ಷ ಮೈಕಿನಲ್ಲಿ ವರ್ಣಿಸಿದ್ದು ಇದೇ ಇರಬೇಕು. ಅದು ಇಷ್ಟು ಸಾದಾ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ನಾನು ಕೇಳಿರಲಿಲ್ಲ. ಇಷ್ಟು ಹೊಳೆದದ್ದೇ ತಡ, ಒಳಗಿನ ಟೀಚರು ಅದನ್ನು ಪ್ರವಚನ ಮಾಡಲು ಶುರುಮಾಡಿದಳು. ತೀರ್ಥಹಳ್ಳಿ ಬರುವಷ್ಟರಲ್ಲಿ ಪೀಠಿಕೆ ಮುಗಿಸಿದ್ದಳು. ಅವಳು ಸುಲಭಕ್ಕೆ ಹೋಗುವವಳಲ್ಲ. ಈಗಲೂ ಹೋಗಿಲ್ಲ.

ಆಗಸ್ಟಿನಲ್ಲಿ ವೈದ್ಯರು ಮತ್ತೆ ನೋಡಿ, ಗಂಟುಗಳು ಕುಗ್ಗಿವೆ, ಆಪರೇಷನ್ನು ಬೇಡ, ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಿ ಎಂದರು. ಕಾರಿನಲ್ಲಿ ಶ್ರೀಪಾದ ನಾನು ಏನು ಹೇಳುತ್ತೇನೋ ಎಂದು ಕಾದರು. ಹೊಸನಗರದ ದಾರಿಯಲ್ಲಿ ಹೋಗೋಣ ಎಂದು ಬರೆದು ತೋರಿಸಿದೆ. ಮೊದಲ ಮಾತು ಯಾರಿಗೆ ಸಲ್ಲಬೇಕೆಂದು ನನಗೆ ಗೊತ್ತಿತ್ತು.

ಸುಶೀಲಕ್ಕ ಮಶೀನಿನ ಮುಂದೆ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ದನಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು. “ಸುಶೀಲಕ್ಕ, ಆವತ್ತು ನಾನು ನಿಮ್ಮ ಮಾತು ಕೇಳಿರಲಿಲ್ಲ. ಕೇಳದೆ ಉತ್ತರ ಕೊಟ್ಟೆ. ಮತ್ತೆ, ಇದು ವ್ರತವೂ ಅಲ್ಲ. ಗಂಟಲಲ್ಲಿ ಗಂಟಾಗಿತ್ತು.”

ಅವರು ಸೂಜಿಯ ಕೆಳಗಿನ ಬಟ್ಟೆ ಮುಗಿಸಿ, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿದರು.

“ಗೊತ್ತಿತ್ತು ಟೀಚರೇ. ನಿಮ್ ಕಣ್ಣು ಬಸ್ಸಿನ್ ಮೇಲಿತ್ತು,” ಎಂದರು. “ನಂಗೂ ಆ ಉತ್ರಾನೇ ಬೇಕಾಗಿತ್ತು. ಆಮೇಲೆ ಮಶೀನು ತುಳೀತಾ ತುಳೀತಾ ನಾನೂ ಕೇಳ್ಕಂಡೆ, ಯಾಕೆ ಹೋಗ್ಲಿಲ್ಲ ನಾನು ಅಂತ. ಮೊದ್ಲು ನಿಮ್ ಹೆಸ್ರು ಬಂತು. ಆಮೇಲೆ ಆ ಹೆಂಗ್ಸಿನ ಹೆಸ್ರು ಬಂತು. ಕಡೀಗೆ ನಂದೇ ಬಂತು. ಅವ್ರು ಕಾಯ್ತಾ ಇರ್ಲಿ ಅಂತ ಇತ್ತು ನಂಗೆ. ಹದ್ನಾರು ವರ್ಷ ನಾನು ಕಾದಿದ್ನಲ್ಲ.”

ನಾನು ಎಷ್ಟೋ ವರ್ಷ ವೇದಿಕೆಯ ಮೇಲೆ ಯಾವುದನ್ನು ಆತ್ಮವಿಚಾರ ಎಂದು ಕರೆದಿದ್ದೆನೋ ಅದನ್ನು ಒಬ್ಬರು ಕೊನೆಯವರೆಗೂ ಮಾಡಿದ್ದನ್ನು ನಾನು ನೋಡಿದ್ದು ಆವತ್ತೇ. ಅವರಿಗೆ ಅದರ ಹೆಸರು ಬೇಕಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಸುಶೀಲಕ್ಕ, ಆ ಹೆಂಗಸನ್ನು ನೋಡಿಕೊಂಡು ಬರಬೇಕೆಂದಿದ್ದೇನೆ, ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ, ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ. ಅಲ್ಲಿ ಏನೂ ಹೇಳಬಾರದು ಎಂದರು. ಇಲ್ಲ ಎಂದೆ.

ಮುಂದಿನ ಭಾನುವಾರ ನಾನು ಸಾಗರದಿಂದ ಹೊಸನಗರಕ್ಕೆ ಬಂದೆ. ದೂರದ ದಾರಿಯೆಂದು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಬ್ಬರೂ ಹೊಟ್ಟೆ ತುಂಬ ಊಟ ಮಾಡಿ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಸೇತುವೆ ದಾಟಿ ಕುರುವಳ್ಳಿಯಲ್ಲಿ ಕೇಳಿಕೊಂಡು ಹೋದರೆ ಹೆಂಚಿನ ಸಣ್ಣ ಮನೆ. ದಾರಿಯುದ್ದಕ್ಕೂ ಸುಶೀಲಕ್ಕ ಕೊಡೆಯ ಹಿಡಿಯನ್ನು ತಿರುಗಿಸುತ್ತಲೇ ಇದ್ದರು. ಬಾಗಿಲು ತೆರೆದಾಕೆಯ ಹೆಸರು ಜಯಂತಿ. ನಲವತ್ತೈದಿರಬಹುದು, ಬರಿ ಕೊರಳು, ಬಹಳ ದಿನ ನಿದ್ದೆಯಿಲ್ಲದ ಮುಖ. ಯಾರೆಂದು ಕೇಳಲಿಲ್ಲ, ಗುರುತು ಸಿಕ್ಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ನನ್ನೊಳಗೆ ನಾಲ್ಕಾರು ವಾಕ್ಯಗಳು ಎದ್ದವು. ನಾನು ಕೊಡೆ ಮಡಿಸಿದೆ.

“ಊಟ ಆಗಿದ್ಯಾ?” ಎಂದು ಕೇಳಿದಳು ಆಕೆ.

ಸುಶೀಲಕ್ಕ ಚಪ್ಪಲಿ ಬಿಟ್ಟರು. “ಇಲ್ಲ,” ಎಂದರು.